ಇಪ್ಪತ್ತು ಚೌಕದ ಮುಖ

ನನಗೆ ಕಂಪ್ಯೂಟರ್ ಬರುತ್ತದೆ ಎಂದು ಬೀದಿಗೆಲ್ಲ ಗೊತ್ತಿದ್ದ ಕಾಲದಲ್ಲಿ ನನಗೆ ಕಂಪ್ಯೂಟರ್ ಬರುತ್ತಿರಲಿಲ್ಲ. ಇಷ್ಟು ವರ್ಷ ಆದಮೇಲೆ ಇದನ್ನು ನಗುತ್ತಾ ಬರೆಯಬಹುದು ಅಂದುಕೊಂಡು ಕೂತೆ. ಕೂತ ಮೇಲೆ ನಗು ಬರುತ್ತಿಲ್ಲ.

ಆಗ ನನಗೆ ಹತ್ತೊಂಬತ್ತು. ಅಪ್ಪ ಮಾಲೂರು ಕಡೆಯಿಂದ ಹೊಸೂರಿನ ಒಂದು ಕಾರ್ಖಾನೆಗೆ ಕೆಲಸಕ್ಕೆ ಬಂದವರು. ಅವಲಪಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಐದನೇ ತರಗತಿವರೆಗೆ ನಾನು ಓದಿದ್ದು ಕನ್ನಡ, ಆಮೇಲೆ ತಮಿಳು ಶಾಲೆ, ಮನೆ ಓನರ್ ಅಮ್ಮನ ಹತ್ತಿರ ಮಾತ್ರ ತೆಲುಗು. ಪ್ಲಸ್ ಟೂನಲ್ಲಿ ಕಾಲೇಜಿಗೆ ಸಾಲುವಷ್ಟು ಮಾರ್ಕು ಬರಲಿಲ್ಲ. ಅಪ್ಪ ಎರಡು ದಿನ ಮಾತು ಬಿಟ್ಟರು, ಮೂರನೇ ದಿನ ಬಸ್ ಸ್ಟ್ಯಾಂಡ್ ಹತ್ತಿರ ಮಹಡಿ ಮೇಲಿದ್ದ ಒಂದು ಕಂಪ್ಯೂಟರ್ ಸೆಂಟರಿಗೆ ಕರೆದುಕೊಂಡು ಹೋಗಿ ಮೂರು ತಿಂಗಳ ಡಿಟಿಪಿ ಕೋರ್ಸಿಗೆ ಸೇರಿಸಿದರು.

ಅಲ್ಲಿ ಆರು ಕಂಪ್ಯೂಟರಿಗೆ ನಾವು ಹದಿನೆಂಟು ಜನ. ಒಬ್ಬರು ಮೌಸ್ ಹಿಡಿದರೆ ಇಬ್ಬರು ಹಿಂದೆ ನಿಂತು ನೋಡಬೇಕು. ಹಾಗಾಗಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಬೇರೆಯವರ ಭುಜದ ಮೇಲಿಂದ ಇಣುಕಿ ಕಲಿತದ್ದು. ಸರ್ ತಮಿಳಿನಲ್ಲಿ ಹೇಳುತ್ತಿದ್ದರು, ಪುಸ್ತಕ ಇಂಗ್ಲಿಷಿನಲ್ಲಿತ್ತು, ನಾನು ನೋಟ್ಸನ್ನು ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುತ್ತಿದ್ದೆ. ಇದನ್ನು ಒತ್ತಿದರೆ ಹೀಗಾಗುತ್ತದೆ, ಅದನ್ನು ಒತ್ತಿದರೆ ಹಾಗಾಗುತ್ತದೆ ಎನ್ನುವುದಷ್ಟೇ ನಮ್ಮ ವಿದ್ಯೆ. ಯಾಕೆ ಹಾಗಾಗುತ್ತದೆ ಎಂದು ಕೇಳಬೇಕು ಅನ್ನಿಸುವಷ್ಟರಲ್ಲಿ ನಮ್ಮ ಸರದಿ ಮುಗಿದಿರುತ್ತಿತ್ತು.

ಮೂರು ತಿಂಗಳು ಮುಗಿದದ್ದೇ ತಡ, ಹಳೇ ಪೇಟೆ ಬೀದಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಸ್ಟುಡಿಯೋ ಮಾಲೀಕರು ತಲೆಮಾರುಗಳಿಂದ ಹೊಸೂರಿನಲ್ಲೇ ಇದ್ದ ಮನೆತನದವರು. ಅವರ ಅಣ್ಣತಮ್ಮಂದಿರೆಲ್ಲ ಮೇಷ್ಟ್ರು, ಗುಮಾಸ್ತರು. ಇವರೊಬ್ಬರು ಕ್ಯಾಮರಾ ಹಿಡಿದು ಮನೆಯವರ ಹತ್ತಿರ ಬೈಸಿಕೊಂಡವರು. ವಯಸ್ಸಿನಲ್ಲಿ ನನ್ನ ಅಪ್ಪನಿಗಿಂತ ದೊಡ್ಡವರಾದರೂ ಬೀದಿಯವರೆಲ್ಲ ಕರೆಯುವಂತೆ ನಾನೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಫೋಟೋ ತೆಗೆಯುವುದರಲ್ಲಿ ಅಣ್ಣನದು ಎತ್ತಿದ ಕೈ. ಆದರೆ ಮೌಸ್ ಕಂಡರೆ ಮಾರು ದೂರ. ಹೊಸದಾಗಿ ಡಿಜಿಟಲ್ ಕ್ಯಾಮರಾ ಕೊಂಡಿದ್ದರು, ಅದರ ಜೊತೆಗೆ ಕಂಪ್ಯೂಟರ್ ಕೊಂಡಿದ್ದರು, ಅದರ ಜೊತೆಗೆ ನನ್ನನ್ನು ಇಟ್ಟುಕೊಂಡಿದ್ದರು.

ಸ್ಟುಡಿಯೋದ ಅಟ್ಟದ ಮೇಲೆ ಬಿಸ್ಕತ್ ಡಬ್ಬಗಳಿದ್ದವು. ತಗಡಿನ ದೊಡ್ಡ ಡಬ್ಬಗಳು, ಅವುಗಳ ಒಳಗೆ ಇಪ್ಪತ್ತೈದು ವರ್ಷದ ನೆಗೆಟಿವ್‌ಗಳು. ಪ್ರತಿ ಕವರಿನ ಮೇಲೆ ಊರು, ಮದುವೆಯ ತಿಂಗಳು, ಒಂದು ನಂಬರು. ಅಣ್ಣ ಯಾವ ನೆಗೆಟಿವನ್ನೂ ಎಸೆದವರಲ್ಲ. ಯಾಕೆಂದು ನನಗೆ ಮೊದಲ ವಾರವೇ ಗೊತ್ತಾಯಿತು. ತಳಿ, ಜವಳಗಿರಿ, ಅಂಚೆಟ್ಟಿ ಕಡೆಯ ಊರುಗಳಲ್ಲಿ ಆಗ ಒಬ್ಬರೇ ಕೂತು ಫೋಟೋ ತೆಗೆಸಿಕೊಂಡವರು ಕಡಿಮೆ. ಫೋಟೋ ಅಂದರೆ ಯಾರದಾದರೂ ಮದುವೆಯ ಗುಂಪು ಫೋಟೋ, ಅಷ್ಟೇ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಕಡೆಯವರು ಬಂದು, ಇಂಥವರ ಮದುವೆ, ಇಂಥ ತಿಂಗಳು, ಎಡಗಡೆಯಿಂದ ಮೂರನೆಯವರು ಎಂದು ಗುರುತು ಹೇಳುತ್ತಿದ್ದರು. ಅಣ್ಣ ಅಟ್ಟ ಹತ್ತಿ ಡಬ್ಬ ತಡಕಿ ನೆಗೆಟಿವ್ ಹುಡುಕಿ ಕೊಡುತ್ತಿದ್ದರು. ನಾನು ಅದನ್ನು ಸ್ಕ್ಯಾನ್ ಮಾಡಿ, ಆ ಒಬ್ಬರ ತಲೆಯನ್ನು ಮಾತ್ರ ಬಿಡಿಸಿ, ಪಕ್ಕದವರ ಭುಜ ಅಳಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಗೋಡೆಗೆ ತೂಗುಹಾಕುವ ಫೋಟೋ ಮಾಡಿಕೊಡಬೇಕು. ಈ ಕೆಲಸಕ್ಕೆ ನಮ್ಮ ಅಂಗಡಿಯಲ್ಲಿ ಮುಖ ತೆಗೆಯೋದು ಎನ್ನುತ್ತಿದ್ದೆವು. ನಾಟ್ರಾಂಪಾಳ್ಯದ ಒಬ್ಬ ಅಜ್ಜನಿಗೆ ಮಕ್ಕಳ ಆಸೆಯಂತೆ ಕೋಟು ತೊಡಿಸಿದ್ದೆ. ಬದುಕಿದ್ದಾಗ ಅಂಗಿ ಗುಂಡಿಯನ್ನೇ ಹಾಕದ ಮನುಷ್ಯ ಎಂದು ಅವರ ಮಗಳೇ ನಕ್ಕಳು, ಆಮೇಲೆ ಆ ಫೋಟೋ ಹಿಡಿದುಕೊಂಡು ಅತ್ತಳು.

ಇಷ್ಟೆಲ್ಲ ನೋಡಿದವಳು ನಾನು. ಆದರೂ ಆ ತಪ್ಪು ಮಾಡಿದೆ. ಅದೇ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ.

ಡಿಜಿಟಲ್ ಬಂದ ಮೇಲೆ ಮದುವೆ ಆಲ್ಬಂ ನನ್ನ ಕೈಗೆ ಬಂತು. ಮೊದಲಾದರೆ ಕಪ್ಪು ಹಾಳೆಗೆ ಫೋಟೋ ಅಂಟಿಸಿ ಕೊಟ್ಟರೆ ಮುಗಿಯಿತು. ಈಗ ಪ್ರತಿ ಪುಟವನ್ನೂ ಡಿಸೈನ್ ಮಾಡಬೇಕು. ಜವಳಗಿರಿಯ ಮದುಮಕ್ಕಳನ್ನು ಹಿಮದ ಬೆಟ್ಟದ ಮುಂದೆ ನಿಲ್ಲಿಸಬೇಕು, ತಾಳಿ ಕಟ್ಟುವುದನ್ನು ಹೃದಯದ ಆಕಾರದೊಳಗೆ ಕೂರಿಸಬೇಕು, ಗುಂಪು ಫೋಟೋದ ಅಂಚನ್ನು ಮಸುಕು ಮಾಡಿ ಮೋಡದಲ್ಲಿ ಕರಗಿಸಬೇಕು. ಈ ಅಂಚು ಕರಗಿಸುವುದಕ್ಕೆ ಫೆದರ್ ಎಂದು ಹೆಸರು. ಕಲಿತ ಹೊಸದರಲ್ಲಿ ನಾನು ಅದನ್ನು ಹಾಕದ ಪುಟವಿಲ್ಲ. ಸಾಲಿನ ಕೊನೆಯಲ್ಲಿ ನಿಂತವರು ಅರ್ಧ ಮೋಡಕ್ಕೆ ಹೋಗುತ್ತಿದ್ದರು. ಯಾರೂ ದೂರು ಹೇಳಲಿಲ್ಲ. ಕೊನೆಯಲ್ಲಿ ನಿಲ್ಲುವವರು ಸಾಮಾನ್ಯವಾಗಿ ದೂರು ಹೇಳುವ ಪೈಕಿಯವರೂ ಅಲ್ಲ.

ಎರಡು ಮದುವೆ ಸೀಸನ್ ಕಳೆಯುವಷ್ಟರಲ್ಲಿ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತುಂಬಿತು. ಹೊಸ ಫೋಟೋ ಹಾಕಲು ಹೋದರೆ ಜಾಗವಿಲ್ಲ ಎಂದು ತೋರಿಸುತ್ತಿತ್ತು.

"ಏನಮ್ಮಾ, ಡಬ್ಬ ತುಂಬ್ತಾ?" ಎಂದರು ಅಣ್ಣ. "ಇನ್ನೊಂದು ಡಬ್ಬ ತರ್ಬೇಕೇನು?"

"ಬೇಡಣ್ಣ, ನಾನು ಜಾಗ ಮಾಡ್ತೀನಿ" ಅಂದೆ.

ನನ್ನ ಲೆಕ್ಕ ಹೀಗಿತ್ತು. ಆಲ್ಬಂ ಎಲ್ಲ ಕೊಟ್ಟಾಗಿದೆ. ಫೋಟೋ ಎಷ್ಟು ದೊಡ್ಡದಿದ್ದರೂ ಸ್ಕ್ರೀನಿನಲ್ಲಿ ಕಾಣುವುದು ಸ್ಕ್ರೀನಿನಷ್ಟೇ. ಮೂರು ಸಾವಿರ ಚುಕ್ಕಿ ಅಗಲ ಇರುವುದನ್ನು ಎಂಟುನೂರಕ್ಕೆ ಇಳಿಸಿದರೆ ನೋಡಲು ಒಂದಿನಿತೂ ವ್ಯತ್ಯಾಸವಿಲ್ಲ, ಜಾಗ ಮಾತ್ರ ಹತ್ತಿಪ್ಪತ್ತು ಪಾಲು ಉಳಿಯುತ್ತದೆ. ಮುಂದೆ ಯಾರಿಗಾದರೂ ದೊಡ್ಡದು ಬೇಕಾದರೆ ಅದೇ ಜಾಗದಲ್ಲಿ ಎಂಟುನೂರು ಅಳಿಸಿ ಮೂರು ಸಾವಿರ ಎಂದು ಟೈಪ್ ಮಾಡಿದರಾಯಿತು. ಕಡಿಮೆ ಮಾಡಲು ಬಿಡುವ ಯಂತ್ರ ಹೆಚ್ಚು ಮಾಡಲೂ ಬಿಡುತ್ತದೆ ತಾನೇ. ಸೆಂಟರಿನಲ್ಲಿ ಯಾರದೋ ಭುಜದ ಮೇಲಿಂದ ಫೋಟೋದ ಅಳತೆ ಬದಲಿಸುವ ಆ ಕಿಟಕಿಯನ್ನು ನೋಡಿದ್ದೆ, ಅದರಲ್ಲಿ ಯಾವ ನಂಬರು ಬೇಕಾದರೂ ಹಾಕಬಹುದಿತ್ತು. ಫೋಟೋಶಾಪಿನಲ್ಲಿ ಆ್ಯಕ್ಷನ್ ಎಂಬುದನ್ನು ಅದೇ ವಾರ ನಾನಾಗಿ ಕಲಿತಿದ್ದೆ. ಒಂದು ಸಲ ಮಾಡಿ ತೋರಿಸಿದರೆ ಸಾಕು, ಉಳಿದ ಎಲ್ಲ ಫೋಟೋಕ್ಕೂ ಅದೇ ಮಾಡಿಕೊಂಡು ಹೋಗುತ್ತದೆ.

ಮಧ್ಯಾಹ್ನ ಊಟ ಆದಮೇಲೆ ಶುರು ಮಾಡಿದೆ. ಫೋಟೋ ತಾನಾಗಿ ತೆರೆದುಕೊಳ್ಳುತ್ತಿತ್ತು, ಚಿಕ್ಕದಾಗುತ್ತಿತ್ತು, ಸೇವ್ ಆಗುತ್ತಿತ್ತು, ಮುಚ್ಚಿಕೊಳ್ಳುತ್ತಿತ್ತು, ಮುಂದಿನದು ಬರುತ್ತಿತ್ತು. ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಅಣ್ಣ ಬೆರಗಾಗಿ ಪಕ್ಕದ ಅಂಗಡಿಯ ಟೈಲರನ್ನು ಕೂಗಿದರು.

"ಬಾರ್ಲಾ ಇಲ್ಲಿ. ನಮ್ಮ ಹುಡ್ಗಿ ಮುಟ್ದೇನೇ ಕೆಲ್ಸ ಮಾಡ್ತಾವ್ಳೆ ನೋಡ್ಲಾ."

ಟೈಲರ್ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಬಂದು ನೋಡಿದರು. ಮದುವೆಗಳು ಒಂದಾದ ಮೇಲೊಂದು ಸ್ಕ್ರೀನಿನ ಮೇಲೆ ಹಾದುಹೋದವು. ಸಂಜೆಯೊಳಗೆ ಡಿಸ್ಕ್ ಮುಕ್ಕಾಲು ಖಾಲಿ. ಅಣ್ಣ ಬೇಕರಿಯಿಂದ ಬೋಂಡ ತರಿಸಿದರು. ನನಗೆ ತಲೆಯ ಮೇಲೆ ಎರಡು ಕೊಂಬು ಮೂಡಿದಂತಾಗಿತ್ತು. ಮನೆಗೆ ಹೋಗಿ ಅಪ್ಪನಿಗೂ ಹೇಳಿದೆ. ಅಪ್ಪನಿಗೆ ಒಂದೂ ಅರ್ಥವಾಗಲಿಲ್ಲ, ಆದರೂ ಅಮ್ಮನ ಕಡೆ ತಿರುಗಿ, ನೋಡು, ನಾನು ಸೇರಿಸಿದ್ದು ದಂಡವಾಗಲಿಲ್ಲ ಎಂದರು.

ಈಗ ನಾನು ಈ ಕೆಲಸವನ್ನು ಕಲಿಸುತ್ತೇನೆ. ಆಲ್ಬಂ, ಪೋಸ್ಟರ್, ವಿಡಿಯೋ ಎಡಿಟಿಂಗ್ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ಒಂದೇ ಪಾಠ: ಅಸಲು ಫೋಟೋ ಮುಟ್ಟಬೇಡಿ, ನಕಲು ಮಾಡಿಕೊಂಡು ಅದರ ಮೇಲೆ ಏನು ಬೇಕಾದರೂ ಮಾಡಿ. ಅವರು ಆಕಳಿಸುತ್ತಾರೆ. ಇದನ್ನೂ ಹೇಳಿಕೊಡಬೇಕಾ ಮೇಡಂ ಎನ್ನುವ ಮುಖ. ನನಗೆ ಸಿಟ್ಟು ಬರುತ್ತದೆ, ಎಲ್ಲರೆದುರು ಎರಡು ಮಾತು ಬೈದೂಬಿಡುತ್ತೇನೆ. ಅಷ್ಟು ಸಣ್ಣ ವಿಷಯಕ್ಕೆ ಈಕೆ ಯಾಕೆ ಹೀಗಾಡುತ್ತಾಳೆ ಎಂದು ಅವರಿಗೆ ಆಶ್ಚರ್ಯ.

ಆ ಮಧ್ಯಾಹ್ನ ಕಳೆದು ನಾಲ್ಕೈದು ತಿಂಗಳಾಗಿತ್ತು. ಪಿತೃಪಕ್ಷ ಹತ್ತಿರ ಬರುತ್ತಿತ್ತು. ಒಬ್ಬ ಹೆಂಗಸು ಟವೆಲಿನಲ್ಲಿ ಸುತ್ತಿದ ದೊಡ್ಡ ಗಂಟನ್ನು ಎದೆಗವಚಿಕೊಂಡು ಸ್ಟುಡಿಯೋದ ಬಾಗಿಲಲ್ಲಿ ನಿಂತಳು. ಜವಳಗಿರಿಯ ಆಚೆಯ ಹಳ್ಳಿ. ನಲವತ್ತು ದಾಟಿರಲಿಕ್ಕಿಲ್ಲ, ಆದರೆ ಕೂದಲು ಅರ್ಧ ನರೆತಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಂದು ಬೆಂಚಿನ ತುದಿಯಲ್ಲಿ ಕೂತು ಗಂಟು ಬಿಚ್ಚಿದಳು. ಒಳಗೆ ನಾನು ಮಾಡಿದ ಆಲ್ಬಂ. ಅವಳ ಅಣ್ಣನ ಮಗನ ಮದುವೆಯದು, ಕೇಳಿ ತಂದಿದ್ದಳು.

"ನಮ್ಮುಡ್ಗಿ ಮುಖ ಬೇಕಾಗಿತ್ತು ಕಣವ್ವ" ಎಂದಳು.

ಮಗಳಿಗೆ ಹದಿನೇಳು. ತಳಿ ರಸ್ತೆಯ ರೋಜಾ ಫಾರಂನಲ್ಲಿ ಹೂ ಕೊಯ್ಯುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಆಷಾಢದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಳು. ಓಟಿನ ಚೀಟಿ ಆಗುವ ವಯಸ್ಸಾಗಿರಲಿಲ್ಲ. ಶಾಲೆ ಐದಕ್ಕೇ ಬಿಟ್ಟಿದ್ದಳು. ಗಂಡ ಬಿಟ್ಟುಹೋಗಿ ಹನ್ನೊಂದು ವರ್ಷ, ಇದ್ದವಳು ಈ ಮಗಳೊಬ್ಬಳೇ. ಹುಟ್ಟಿದಾಗಿನಿಂದ ಅವಳನ್ನು ಕ್ಯಾಮರಾ ಕಂಡದ್ದು ಆ ಒಂದು ಮದುವೆಯಲ್ಲಿ, ಒಂದೇ ಒಂದು ಸಲ.

"ಮಾಲಯ ಅಮಾಸೆಗೆ ಎಡೆ ಇಕ್ಬೇಕು. ಗೋಡೆ ಖಾಲಿ ಐತೆ. ಯಾರ್ಗೇ ಅಂತ ಇಕ್ಲಿ?" ಎಂದಳು.

ಪುಟ ತೆಗೆದು ತೋರಿಸಿದಳು. ಹಿಮದ ಬೆಟ್ಟ, ಅದರ ಮುಂದೆ ನಲವತ್ತು ಜನರ ಗುಂಪು, ಸುತ್ತ ಮೋಡ. ಎರಡನೇ ಸಾಲಿನ ಬಲತುದಿಯಲ್ಲಿ ಹಸಿರು ದಾವಣಿಯ ಹುಡುಗಿ. ಅರ್ಧ ಮುಖ ಮಾತ್ರ ಇತ್ತು, ಅದೂ ಮಸುಕು. ಉಳಿದರ್ಧವನ್ನು ನಾನು ಮೋಡದಲ್ಲಿ ಕರಗಿಸಿದ್ದೆ.

ನನಗೆ ಆಗಲೂ ಗಾಬರಿಯಾಗಲಿಲ್ಲ. ಆಲ್ಬಂನಲ್ಲಿ ಕರಗಿದರೇನು, ಪೂರ್ತಿ ಫೋಟೋ ಕಂಪ್ಯೂಟರಿನಲ್ಲಿ ಇದೆಯಲ್ಲ. "ಯೋಚ್ನೆ ಮಾಡ್ಬೇಡಿ ಅಮ್ಮ, ಒಳಗಡೆ ಚೆನ್ನಾಗಿರೋದು ಇದೆ. ಈಗ್ಲೇ ತೋರಿಸ್ತೀನಿ" ಎಂದು ಘನವಾಗಿ ಹೇಳಿದೆ.

ಫೋಟೋ ತೆರೆದೆ. ಗುಂಪು ಸ್ಕ್ರೀನಿನ ತುಂಬ ಬಂತು. ತುದಿಯಲ್ಲಿ ಆ ಹುಡುಗಿ ಇದ್ದಳು, ಮೋಡವಿಲ್ಲದೆ, ಪೂರ್ತಿ ಮುಖದ ಹುಡುಗಿ. ಆ ಮುಖವನ್ನು ಮಾತ್ರ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಚುಕ್ಕಿಗಳೆಲ್ಲ ಕಂದು ಬಣ್ಣದ ಚೌಕಗಳಾಗಿ ಬಂದವು. ಸರಿ, ನಂಬರು ಹೆಚ್ಚಿಸೋಣ ಎಂದು ಎಂಟುನೂರು ಅಳಿಸಿ ಮೂರು ಸಾವಿರ ಹೊಡೆದೆ. ಚೌಕಗಳ ಅಂಚು ಕರಗಿ ಕೆಸರಿನಂತಾಯಿತು. ಹಿಂದಕ್ಕೆ ಹೋಗಿ ಆರು ಸಾವಿರ ಹೊಡೆದೆ. ಕೆಸರು ದೊಡ್ಡದಾಯಿತು.

ಮತ್ತೆ ಮೂಲಕ್ಕೆ ಹೋಗಿ ಎಣಿಸಿದೆ. ಆ ಮುಖ ಅಗಲದಲ್ಲಿ ಇಪ್ಪತ್ತು ಚೌಕ, ಉದ್ದದಲ್ಲಿ ಇಪ್ಪತ್ತಾರು. ಒಂದು ಕಣ್ಣಿಗೆ ಮೂರು ಚೌಕ. ಬಾಯಿ ಒಂದು ಗೆರೆ. ನಾನು ಆ ಮಧ್ಯಾಹ್ನ ಬೋಂಡ ತಿನ್ನುತ್ತಾ ಇದೇ ಫೋಟೋ ಹಾದುಹೋಗುವುದನ್ನು ನೋಡಿರಬೇಕು.

ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತಿದ್ದ ತಾಯಿ ಅಷ್ಟರಲ್ಲಿ ಎದ್ದು ನಿಂತಳು. "ಅಗೋ, ಅಲ್ಲವ್ಳೆ" ಎಂದಳು. ಮುಖ ಅರಳಿತು. ಸ್ಕ್ರೀನಿನ ಮೇಲೆ ಕಣ್ಣಿಟ್ಟುಕೊಂಡೇ ಒಂದೊಂದು ಹೆಜ್ಜೆ ಹತ್ತಿರ ಬಂದಳು. ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಸ್ಕ್ರೀನಿನತ್ತ ಬಗ್ಗಿದಳು.

"ಎಲ್ಲೋದ್ಲು?" ಎಂದಳು.

ಸ್ವಲ್ಪ ಕೆಲಸ ಇದೆ, ನಾಲ್ಕು ದಿನ ಬಿಟ್ಟು ಬನ್ನಿ ಎಂದು ಸುಳ್ಳು ಹೇಳಿ ಕಳಿಸಿದೆ. ಅವಳು ಆಲ್ಬಂ ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು, "ಅವಸರ ಇಲ್ಲವ್ವ, ಅಮಾಸೆ ಒಳಗೆ ಆದ್ರೆ ಸಾಕು" ಎಂದು ಹೋದಳು.

ಅಣ್ಣನಿಗೆ ಹೇಳಿದೆ. ಅಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. "ಅದನ್ನ ದೊಡ್ಡದು ಮಾಡಮ್ಮಾ" ಎಂದರು. ಆಗುವುದಿಲ್ಲ ಅಂದೆ. "ಹಾಗಾದ್ರೆ ಅದರ ನೆಗೆಟಿವ್?" ಎಂದರು. ಅದೇ ನೆಗೆಟಿವ್, ಅದನ್ನೇ ನಾನು ಚಿಕ್ಕದು ಮಾಡಿದ್ದು ಅಂದೆ. ಅಣ್ಣ ಬೈಯಲಿಲ್ಲ. ಏಣಿ ಹಾಕಿ ಅಟ್ಟ ಹತ್ತಿದರು. ಆ ಮದುವೆಗೆ ಫಿಲ್ಮ್ ಹಾಕಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಆ ಮಧ್ಯಾಹ್ನ ಪೂರ್ತಿ ಒಂದೊಂದೇ ಡಬ್ಬ ತೆಗೆದು, ಕವರು ಬಿಚ್ಚಿ, ಬೆಳಕಿಗೆ ಹಿಡಿದು, ಮತ್ತೆ ಒಳಗಿಡುತ್ತಿದ್ದರು. ಕೆಳಗೆ ಕೂತು ಆ ಡಬ್ಬಗಳ ಸದ್ದು ಕೇಳುವುದಕ್ಕಿಂತ ಅವರು ನನಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಮರುದಿನ ಆ ಫೋಟೋವನ್ನು ಸಿಡಿಗೆ ಹಾಕಿಕೊಂಡು ಕಂಪ್ಯೂಟರ್ ಸೆಂಟರಿಗೆ ಓಡಿದೆ. ಸರ್ ಹೊಸ ಬ್ಯಾಚಿಗೆ ಪಾಠ ಮಾಡುತ್ತಿದ್ದರು. ಒಬ್ಬರು ಮೌಸ್ ಹಿಡಿದಿದ್ದರು, ಇಬ್ಬರು ಹಿಂದೆ ನಿಂತಿದ್ದರು. ಸರ್ ಫೋಟೋ ನೋಡಿದರು, ಸೇವ್ ಮಾಡಿದ್ದು ಯಾವಾಗ ಎಂದು ಕೇಳಿದರು. ನಾಲ್ಕೈದು ತಿಂಗಳಾಯಿತು, ಖಾಲಿಯಾದ ಜಾಗದಲ್ಲಿ ಎಷ್ಟೋ ಮದುವೆ ಹಾಕಿಯಾಗಿದೆ ಅಂದೆ.

"ಪೋಚ್ಚು ಮಾ" ಎಂದರು. ಹೋಯಿತಮ್ಮ ಎಂದು. "ತಿರುಂಬಿ ವರಾದು." ಇನ್ನು ವಾಪಸ್ ಬರುವುದಿಲ್ಲ.

"ನಂಬರ್ ಜಾಸ್ತಿ ಹಾಕ್ಬೋದಲ್ಲ ಸರ್?" ಎಂದು ಇನ್ನೂ ಕೇಳುತ್ತಿದ್ದೆ ನಾನು.

ಅವರು ಬೋರ್ಡಿನ ಮೇಲೆ ನಾಲ್ಕು ಚೌಕದ ಮನೆ ಬರೆದು ತೋರಿಸಿದರು. ನಾಲ್ಕು ಮನೆಯನ್ನು ಒಂದು ಮಾಡಿದರೆ ನಾಲ್ಕೂ ಬಣ್ಣ ಬೆರೆತು ಒಂದೇ ಬಣ್ಣ. ಆ ಒಂದನ್ನು ಮತ್ತೆ ನಾಲ್ಕು ಮಾಡಿದರೆ ಅದೇ ಬಣ್ಣ ನಾಲ್ಕು ಸಲ ಬರುತ್ತದೆ, ಮೊದಲಿನ ನಾಲ್ಕು ಬಣ್ಣ ಏನೆಂದು ಯಂತ್ರಕ್ಕೂ ನೆನಪಿರುವುದಿಲ್ಲ. ಎರಡು ನಿಮಿಷದ ಪಾಠ. ಮೂರು ತಿಂಗಳಲ್ಲಿ ಈ ಎರಡು ನಿಮಿಷ ಯಾಕೆ ಸಿಗಲಿಲ್ಲ ಎಂದು ಕೇಳಬೇಕೆನ್ನಿಸಿತು. ಸಿಕ್ಕಿತ್ತೋ ಏನೋ, ಆ ದಿನ ನಾನು ಹಿಂದೆ ನಿಂತಿದ್ದೆನೋ ಏನೋ. ಕೇಳದೆ ಮೆಟ್ಟಿಲಿಳಿದೆ.

ನಾಲ್ಕು ದಿನ ಬಿಟ್ಟು ತಾಯಿ ಬಂದಾಗ ನಾನು ಇನ್ನೊಂದು ಉಪಾಯ ಮಾಡಿಕೊಂಡಿದ್ದೆ. ಮುಖ ಇಲ್ಲದಿದ್ದರೆ ಮುಖ ಬರೆಯುವುದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳತೊಡಗಿದೆ.

"ಮೂಗು ಹೇಗಿತ್ತಮ್ಮ?"

"ಮೂಗು ಮೂಗಿನಂಗಿತ್ತು ಕಣವ್ವ."

"ಉದ್ದಾನಾ, ಮೊಂಡಾನಾ?"

"ನಾನು ಹಂಗೆ ನೋಡೇ ಇಲ್ಲ" ಎಂದಳು. "ನಗಾಡ್ವಾಗ ಹಿಂಗೆ ಬಾಯ್ಗೆ ಸೆರಗು ಇಟ್ಕೊಳೋಳು. ಫಾರಂನಿಂದ ಬಂದ್ರೆ ಮೈಯೆಲ್ಲ ರೋಜಾ ಸೊಪ್ಪಿನ ವಾಸ್ನೆ. ಕೈ ತುಂಬ ಮುಳ್ಳು ಗೀರಿರೋದು. ಕೋಳಿ ಕರ್ಯೋದು ಕೇಳಿದ್ರೆ ಪಕ್ಕದ ಮನೆ ಕೋಳೀನೂ ಬತ್ತಿದ್ವು."

ಇದರಲ್ಲಿ ನನ್ನ ಮೌಸಿಗೆ ಬರೆಯಲು ಬರುವಂಥದ್ದು ಯಾವುದೂ ಇರಲಿಲ್ಲ. ಕಣ್ಣು ಹೇಗಿತ್ತು ಎಂದರೆ, ಅವಳ ಅಪ್ಪನದು ಎಂದಳು. ಅಪ್ಪನ ಫೋಟೋವೂ ಇಲ್ಲ. ಕೊನೆಗೆ ನಿಮ್ಮ ಹಾಗಿದ್ದಳಾ ಎಂದು ಕೇಳಿದೆ. ಜನ ಹಾಗನ್ನುತ್ತಿದ್ದರು ಎಂದಳು. ಅಣ್ಣ ಅವಳನ್ನು ಒಳಗೆ ಕರೆದು, ದೀಪ ಹಾಕಿ, ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ತೆಗೆದರು. "ಸ್ವಲ್ಪ ನಗಮ್ಮ" ಎಂದು ಬಾಯಭ್ಯಾಸಕ್ಕೆ ಹೇಳಿ ನಾಲಿಗೆ ಕಚ್ಚಿಕೊಂಡರು. ಅವಳ ಜೀವಮಾನದಲ್ಲಿ ಒಬ್ಬಳೇ ಕೂತು ತೆಗೆಸಿಕೊಂಡ ಫೋಟೋ ಅದೇ ಮೊದಲು.

ಆ ಫೋಟೋವನ್ನು ಇಟ್ಟುಕೊಂಡು ಮೂರು ಹಗಲು ಕೂತೆ. ತಾಯಿಯ ಸುಕ್ಕು ಅಳಿಸಿದೆ, ಕೆನ್ನೆ ತುಂಬಿಸಿದೆ, ನರೆಗೂದಲು ಕಪ್ಪು ಮಾಡಿದೆ, ಗದ್ದ ಸಣ್ಣದು ಮಾಡಿದೆ, ಹಸಿರು ದಾವಣಿ ಹೊದಿಸಿದೆ. ಆ ಇಪ್ಪತ್ತು ಚೌಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಹುಬ್ಬಿನ ಬಾಗು, ಹಣೆಯ ಅಗಲ ಹೊಂದಿಸಿದೆ. ನಾನು ಅಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಮೂರನೇ ದಿನ ಸ್ಕ್ರೀನಿನಲ್ಲಿ ಒಬ್ಬ ಹದಿನೇಳರ ಹುಡುಗಿ ನನ್ನನ್ನು ನೋಡುತ್ತಿದ್ದಳು. ಟೈಲರ್ ಬಂದು ನೋಡಿ ಉಸಿರೇ ಇದೆ ಅಂದರು. ನನಗೂ ಅನ್ನಿಸಿತು, ಉಳಿದುಕೊಂಡೆ ಎಂದು.

ತಾಯಿ ಬಂದಳು. ಈ ಸಲ ಪ್ರಿಂಟ್ ಹಾಕಿ, ಫ್ರೇಂ ಕಟ್ಟಿಸಿ, ಕೈಗೇ ಕೊಟ್ಟೆ. ಅವಳು ಸೆರಗಿನಿಂದ ಗಾಜು ಒರೆಸಿ ನೋಡಿದಳು. ಬಾಗಿಲ ಬೆಳಕಿಗೆ ಹಿಡಿದು ನೋಡಿದಳು.

"ಚಂದಾಗವ್ಳೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಯಾರ ಮನೆ ಹುಡ್ಗಿ ಇದು?"

ಕುಹಕವಲ್ಲ, ಕೋಪವಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಬೇರೆ ಯಾರದೋ ಫೋಟೋ ಕೈತಪ್ಪಿ ಕೊಟ್ಟಿದ್ದೇನೆ ಅಂದುಕೊಂಡಿದ್ದಳು.

ಅಲ್ಲಿಗೆ ನನ್ನ ಕೈಯಲ್ಲಿದ್ದದ್ದೆಲ್ಲ ಮುಗಿಯಿತು. ಅಣ್ಣ ಒಳಕೋಣೆಯಲ್ಲಿದ್ದರು, ಹೊರಗೆ ಬರಲಿಲ್ಲ. ನಾನು ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ನಿಮ್ಮ ಮಗಳ ಮುಖ ಚೆನ್ನಾಗಿತ್ತು, ದೊಡ್ಡದಿತ್ತು, ಜಾಗ ಇಲ್ಲ ಅಂತ ನಾನೇ ಚಿಕ್ಕದು ಮಾಡಿದೆ, ಮತ್ತೆ ದೊಡ್ಡದು ಮಾಡಲು ಬರುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಹೇಳುತ್ತಾ ಹೇಳುತ್ತಾ ಅಳು ಬಂತು. ಯಾರ ಮಗಳು ಸತ್ತಿದ್ದಾಳೋ ಅವಳ ಎದುರು ನಾನು ಅಳುತ್ತಿದ್ದೇನಲ್ಲ ಎಂದು ನಾಚಿಕೆಯಾಗಿ ಇನ್ನೂ ಹೆಚ್ಚು ಅಳು ಬಂತು.

"ನೀನ್ಯಾಕವ್ವ ಅಳ್ತೀಯ?" ಎಂದು ಅವಳು ನನ್ನ ಬೆನ್ನು ಸವರಿದಳು. "ಮಿಸೀನಲ್ವಾ, ಕೆಟ್ಟೋಯ್ತದೆ. ನೀನೇನ್ ಮಾಡೀಯ."

"ಮಿಷನ್ ಕೆಟ್ಟಿಲ್ಲ ಅಮ್ಮ. ಮಾಡಿದ್ದು ನಾನು."

"ಇರ್ಲಿ ಬುಡು, ಬೇಕೂಂತ ಮಾಡಿದ್ಯಾ. ಓದ್ದೋಳು ನೀನು."

ಓದಿದವಳು ಎಂದು ಅವಳು ನನ್ನನ್ನು ತಪ್ಪಿನಿಂದ ಬಿಡಿಸಿದಳು. ನಾನು ಓದಿಲ್ಲದವಳು, ಅದಕ್ಕೇ ಹೀಗಾಯಿತು ಎಂದು ಅವಳಿಗೆ ತಿಳಿಸುವ ದಾರಿ ನನಗೆ ಗೊತ್ತಾಗಲಿಲ್ಲ. ಕ್ಷಮೆ ಕೇಳಬೇಕಾದರೆ ಎದುರಿನವರಿಗೆ ತಪ್ಪು ಏನೆಂದಾದರೂ ತಿಳಿಯಬೇಕು. ಅವಳಿಗೆ ಅದು ತಿಳಿಯುತ್ತಿರಲಿಲ್ಲ, ನನ್ನ ಕ್ಷಮೆ ಅಲ್ಲೇ ಬೆಂಚಿನ ಮೇಲೆ ಉಳಿಯಿತು.

ಫ್ರೇಂ ಬೆಂಚಿನ ಮೇಲಿಟ್ಟು ಅವಳೇ ಕೇಳಿದಳು. "ಅವತ್ತು ತೋರಿಸಿದ್ಯಲ್ಲ, ಚೌಕ ಚೌಕ. ಅದ್ನ ಕೊಡೋಕಾಯ್ತದಾ?"

"ಅದ್ರಲ್ಲಿ ಏನೂ ಕಾಣಲ್ಲಮ್ಮ."

"ಈ ಬೆಂಚ್ಮೇಲೆ ಕೂತಿದ್ದಾಗ ಕಾಣ್ತು ನಂಗೆ" ಎಂದಳು.

ಕೆಸರು ಮಾಡದೆ, ತಿದ್ದದೆ, ಆ ಇಪ್ಪತ್ತು ಚೌಕವನ್ನು ಹಾಗೇ ದೊಡ್ಡ ಕಾಗದಕ್ಕೆ ಪ್ರಿಂಟ್ ಹಾಕಿದೆ. ಒಂದೊಂದು ಚೌಕವೂ ಹೆಬ್ಬೆರಳ ಉಗುರಿನಷ್ಟು ಬಂತು. ಅಣ್ಣ ಹೊರಗೆ ಬಂದು, ನಾನು ಮಾಡಿದ ಹುಡುಗಿಯನ್ನು ಫ್ರೇಮಿನಿಂದ ಬಿಚ್ಚಿ, ಇದನ್ನು ಅದರೊಳಗೆ ಕೂರಿಸಿ, ಹಿಂದೆ ಮೊಳೆ ಹೊಡೆದು ಕೊಟ್ಟರು. ಅವಳು ಅದನ್ನು ಹತ್ತಿರದಿಂದ ನೋಡದೆಯೇ ಟವೆಲಿನಲ್ಲಿ ಸುತ್ತಿಕೊಂಡಳು. ಅಮಾವಾಸ್ಯೆಗೆ ಇನ್ನು ಎರಡು ದಿನವಿತ್ತು.

ಕಾರ್ತಿಕದಲ್ಲಿ ಜವಳಗಿರಿಯಲ್ಲಿ ಒಂದು ಮದುವೆ ಕೆಲಸ ಬಂತು. ನಾನು ಸಾಮಾನ್ಯವಾಗಿ ಸ್ಟುಡಿಯೋ ಬಿಟ್ಟು ಹೋಗುತ್ತಿರಲಿಲ್ಲ. ಆ ದಿನ ನಾನೂ ಬರುತ್ತೇನೆಂದು ಅಣ್ಣನ ವ್ಯಾನು ಹತ್ತಿದೆ. ಊಟದ ಹೊತ್ತಿಗೆ ಬಿಡುವು ಮಾಡಿಕೊಂಡು ವಿಚಾರಿಸುತ್ತಾ ಅವಳ ಹಳ್ಳಿಗೆ ನಡೆದೆ. ಯಾಕೆ ಹೋದೆನೋ ಗೊತ್ತಿಲ್ಲ. ಬೈಸಿಕೊಳ್ಳುವ ಆಸೆ ಇನ್ನೂ ಇತ್ತೇನೋ.

ಒಂದಂಕಣದ ಮನೆ. ಬಾಗಿಲು ತೆರೆದಿತ್ತು. ಅವಳು ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಮೊರ ಕೆಳಗಿಟ್ಟು ಎದ್ದಳು. "ಬಾರವ್ವ, ಬಾ. ಎಷ್ಟೊತ್ತಿಗೆ ಬಂದೆ? ಉಂಡ್ಯಾ?" ಎಂದು ಕೈ ಒರೆಸಿಕೊಂಡಳು. ಹೊರಗಿನ ಬಿಸಿಲಿಗೆ ಒಳಗೆಲ್ಲ ಕತ್ತಲೆ ಕಂಡಿತು. ಕಣ್ಣು ಹೊಂದಿಕೊಂಡ ಮೇಲೆ ಎದುರು ಗೋಡೆಯ ಮೇಲೆ ಆ ಫ್ರೇಂ ಕಂಡಿತು. ಒಣಗಿದ ಸೇವಂತಿಗೆ ಹಾರ ಇತ್ತು.

ಹಾರದ ಒಳಗೆ ಒಬ್ಬ ಹುಡುಗಿ ಇದ್ದಳು. ಸುಳ್ಳು ಹೇಳುತ್ತಿಲ್ಲ. ಎರಡು ಕಣ್ಣು, ಸ್ವಲ್ಪ ಬಾಗಿದ ತಲೆ, ನಗು ತಡೆದುಕೊಂಡ ಬಾಯಿ. ಅಣ್ಣ ಅವತ್ತು ಆ ಗುಂಪಿಗೆ, ಎಲ್ಲರೂ ಸ್ವಲ್ಪ ನಗಿ ಎಂದಿರಬೇಕು, ಇವಳ ಕೈ ಸೆರಗಿಗೆ ಹೋಗುವ ಮೊದಲೇ ಕ್ಲಿಕ್ ಮಾಡಿರಬೇಕು. ಮೂರು ಹಗಲು ಕೂತು ನಾನು ಹುಡುಕಿದ ಮುಖ ಅಲ್ಲಿತ್ತು.

ನನ್ನ ಕಾಲು ತಾನಾಗಿ ಹೊಸ್ತಿಲು ದಾಟಿತು. ಹಿಂದಿನಿಂದ ಅವಳು ನನ್ನ ತೋಳು ಹಿಡಿದಳು.

"ಅಲ್ಲೇ ನಿಂತ್ಕೊಳವ್ವ" ಎಂದಳು. "ಹತ್ರ ಹೋಗ್ಬೇಡ. ಹೋಗ್ಬುಡ್ತಾಳೆ."

ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಇಬ್ಬರೂ ಹೊಸ್ತಿಲ ಹೊರಗೆ ನಿಂತು ನೋಡಿದೆವು.